ಮೊಲದ ಓಟದ ನಾಯಿ

ಮೇಜರನ ಹಿಂಗಾಲು ಕೆಟ್ಟಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ತಾಯಣ್ಣ ತಲೆ ಕೆರೆದುಕೊಳ್ಳುತ್ತಿದ್ದ. ಪಾಪ, ಅವನಾದರೂ ಏನು ಹೇಳಬೇಕು? ಕೆಟ್ಟಿದ್ದನ್ನೇ ಊರೆಲ್ಲ ಹಾಡಿ ಹೊಗಳಿತ್ತು. ಹೊಗಳುವವರ ನಡುವೆ ಎದೆ ಉಬ್ಬಿಸಿಕೊಂಡು ನಿಂತವನೂ ಅವನೇ.

ತಾಯಣ್ಣ ಮಾನ್ವಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಬಾಗಲವಾಡದ ಕೇರಿಯಲ್ಲಿ ಕೂಲಿನಾಲಿ ಮಾಡಿಕೊಂಡು ಬಂದ ಮನೆತನದಲ್ಲಿ ಸರ್ಕಾರಿ ಕುರ್ಚಿ ಕಂಡವನು ಅವನೊಬ್ಬನೇ. ಕುರ್ಚಿಯೇನೋ ಸಿಕ್ಕಿತು, ಜೊತೆಗೊಂದು ಪೀಡೆಯೂ ಗಂಟುಬಿತ್ತು. ಅವನು ಊರಿಗೆ ಹೋದರೆ ಕೇರಿಯವರು ಕಂಬಳಿ ಹಾಸಿ ಕೂಡಿಸತೊಡಗಿದರು. ಹುಟ್ಟಿದಾಗಿನಿಂದ ಬರಿನೆಲದ ಮೇಲೆ ಹೊರಳಾಡಿದ ಮೈಗೆ ಆ ಕಂಬಳಿ ಚುಚ್ಚುತ್ತಿತ್ತು. ಎತ್ತಿ ಆಡಿಸಿದ ಅಣ್ಣ ಅಯ್ಯಣ್ಣ ಕೂಡ "ಲೇ ತಾಯ್ಯಾ" ಅನ್ನುವುದನ್ನು ಬಿಟ್ಟು "ಬರ್ರಿ, ಕುಂದರ್ರಿ" ಅನ್ನಲು ಶುರುಮಾಡಿದ್ದ. ಮರ್ಯಾದೆ ಕೊಡುವ ನೆಪದಲ್ಲಿ ಮನೆಯಿಂದ ಹೊರಗೆ ಹಾಕಿದಂತಿತ್ತು ಅದು. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಾಯಣ್ಣನಿಗೆ ತಿಳಿಯುತ್ತಿರಲಿಲ್ಲ.

ಅವನನ್ನು ಮತ್ತೆ ನೆಲದ ಮೇಲೆ ಕೂಡಿಸಿದ್ದು ಮೇಜರ್.

ಎಂಬತ್ತರ ಇಸವಿಯಲ್ಲಿ ಆಫೀಸಿನ ಇಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಅಲ್ಸೇಷಿಯನ್ ಮರಿಯನ್ನು ತಾಯಣ್ಣನ ಕೈಗೆ ಕೊಟ್ಟು ಹೋದರು. ಹೆಸರನ್ನೂ ಅವರೇ ಇಟ್ಟಿದ್ದರು. ಮಕ್ಕಳಿಲ್ಲದ ತಾಯಣ್ಣನ ಹೆಂಡತಿ ವೆಂಕಮ್ಮ ಮೊದಮೊದಲು ಮೂಗು ಮುರಿದಳು, ಆಮೇಲೆ ತನ್ನ ಪಾಲಿನ ಹಾಲನ್ನೂ ಅದಕ್ಕೇ ಸುರಿದಳು. ಮರಿ ನೋಡನೋಡುತ್ತಿದ್ದಂತೆ ಕರುವಿನಷ್ಟಾಯಿತು.

ಬಾಗಲವಾಡದ ಕೇರಿಯಲ್ಲಿ ಉಗಾದಿಯ ಮರುದಿನ ಗಂಡಸರೆಲ್ಲ ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುತ್ತಿದ್ದರು. ಬೇಟೆಯಲ್ಲಿ ಅಯ್ಯಣ್ಣನ ಮಾತೇ ಮಾತು. ನಾಯಿಯ ಎದೆ, ಸೊಂಟ, ಪಂಜ ನೋಡಿ ಅದರ ಜಾತಕ ಹೇಳುವವನು ಅವನು. ಮರುವರ್ಷ ತಾಯಣ್ಣ ಹಬ್ಬಕ್ಕೆಂದು ಮೇಜರನನ್ನೂ ಕರೆದುಕೊಂಡು ಹೋಗಿದ್ದ. ಅಂಗಳದಲ್ಲಿ ಬಿಟ್ಟ ಕೂಡಲೇ ಅದು ಕೋಳಿಯ ಹಿಂದೆ ಓಡಿತು. ಅಯ್ಯಣ್ಣ ಬಾಯಲ್ಲಿದ್ದ ಬೀಡಿ ಕಿತ್ತು ಎಸೆದ.

"ಲೇ ತಾಯ್ಯಾ! ನೋಡಲೇ ಇಲ್ಲಿ! ಹಿಂದಿನ ಎರಡೂ ಕಾಲು ಜೋಡಿಸಿ ಜಿಗ್ಯಾಕತ್ತದ. ಮೊಲದ ಓಟಲೇ ಇದು! ನಮ್ಮಪ್ಪ ಹೇಳ್ತಿದ್ದ, ಮೊಲದಂಗ ಓಡೋ ನಾಯಿ ಕೈಯಾಗ ಮೊಲ ತಪ್ಪಂಗಿಲ್ಲ ಅಂತ. ನಾ ಈಗ ನೋಡಿದೆ."

ತಾಯಣ್ಣನಿಗೆ ಮೊಲದ ಓಟ ಕಿವಿಗೆ ಬೀಳಲಿಲ್ಲ, "ಲೇ ತಾಯ್ಯಾ" ಬಿತ್ತು. ಕಣ್ಣು ತುಂಬಿ ಬಂತು.

ಮರುದಿನ ಬೇಟೆಯಲ್ಲಿ ಮೇಜರ್ ಮೊಲ ಹಿಡಿಯಲಿಲ್ಲ. ಆದರೆ ಪೊದೆಯಿಂದ ಎಬ್ಬಿಸಿ ಅಯ್ಯಣ್ಣನ ಹೆಣ್ಣುನಾಯಿ ಚಂದ್ರಿಯ ಬಾಯಿಗೆ ಅಟ್ಟಿಕೊಟ್ಟಿತು. ಕಲ್ಲುಗುಡ್ಡದಲ್ಲಿ ದಿನವಿಡೀ ಅಯ್ಯಣ್ಣ ಶಿಳ್ಳೆ ಹಾಕಿ ಕರೆದ, ಅದು ದಿನವಿಡೀ ಓಡಿತು. ಸಂಜೆ ಕೇರಿಯಲ್ಲಿ ಎಲ್ಲರೂ ಒಟ್ಟಿಗೆ ಉಂಡರು. ಕಂಬಳಿಯ ನೆನಪು ಯಾರಿಗೂ ಆಗಲಿಲ್ಲ. ಮಾನ್ವಿಗೆ ಬಂದ ಮೇಲೆ ನಾಯಿ ಏಳಲಿಲ್ಲ. ದಣಿದಿದೆ ಅಂದುಕೊಂಡರು.

ದಣಿವು ಆರಿತು, ನಾಯಿ ಎದ್ದಿತು, ಆದರೆ ಎದ್ದ ರೀತಿ ಬೇರೆಯಾಗಿತ್ತು. ಮುಂಗಾಲು ಊರಿ, ಎದೆಯನ್ನು ಮುಂದಕ್ಕೆ ಎಳೆದುಕೊಂಡು, ಹಿಂಭಾಗವನ್ನು ಆಮೇಲೆ ಎತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ಕುಂಟುತ್ತಿತ್ತು, ಸ್ವಲ್ಪ ಅಡ್ಡಾಡಿದರೆ ಸರಿಹೋಗುತ್ತಿತ್ತು. ಸರಿಹೋಯಿತಲ್ಲ ಎಂದು ತಾಯಣ್ಣ ನಿಟ್ಟುಸಿರು ಬಿಡುವಷ್ಟರಲ್ಲಿ ಸಂಜೆ ಮತ್ತೆ ಕುಂಟುತ್ತಿತ್ತು. ಅದೂ ಒಂದೇ ಕಾಲಾದರೆ ಹೇಳಬಹುದು. ನಿನ್ನೆ ಎಡಗಾಲು, ಇವತ್ತು ಬಲಗಾಲು. ಎತ್ತು ಕುಂಟಿದರೆ ಯಾವ ಕಾಲೆಂದು ಕುರುಡನೂ ಹೇಳಿಯಾನು, ಈ ನಾಯಿ ಕುಂಟುವುದು ಯಾವ ಕಾಲೆಂದು ಅದಕ್ಕಾದರೂ ಗೊತ್ತಿತ್ತೋ ಇಲ್ಲವೋ.

ಇನ್ನು ಹೇಳುವವರಿಗೇನು ಬರಗಾಲ? ಆಫೀಸಿನ ಜವಾನ ಮುಳ್ಳು ಅಂದ. ಪಂಜಗಳನ್ನೆಲ್ಲ ಬಿಡಿಸಿ ನೋಡಿದ್ದಾಯಿತು, ಮುಳ್ಳಿರಲಿಲ್ಲ. ವೆಂಕಮ್ಮ ದೃಷ್ಟಿ ಅಂದಳು, ಮೆಣಸಿನಕಾಯಿ ಸುಟ್ಟು ಮನೆಮಂದಿಯೆಲ್ಲ ಕೆಮ್ಮಿದ್ದಾಯಿತು. ದೃಷ್ಟಿ ಹೋಗದಿದ್ದಾಗ ಅದು ನಿಶ್ಶಕ್ತಿಯೇ ಸೈ ಎಂದು ತೀರ್ಮಾನಿಸಿ ಮೊಟ್ಟೆ, ತುಪ್ಪ ಸುರಿದ ಜೋಳದ ರೊಟ್ಟಿ ಹಾಕತೊಡಗಿದಳು. ನಾಯಿಯ ಎದೆ ಅಗಲವಾಯಿತು, ಹೊಟ್ಟೆ ಬಂತು. ಹಿಂದಿನ ತೊಡೆ ಮಾತ್ರ ದಿನದಿನಕ್ಕೆ ಸೊರಗಿತು. ಮುಂದಿನಿಂದ ನೋಡಿದರೆ ಪೈಲ್ವಾನ, ಹಿಂದಿನಿಂದ ನೋಡಿದರೆ ರೋಗಿ. ತಿಂದದ್ದೆಲ್ಲ ಅರ್ಧ ನಾಯಿಗೆ ಮಾತ್ರ ಹತ್ತುವುದು ಹೇಗೆಂದು ತಾಯಣ್ಣನಿಗೆ ಅರ್ಥವಾಗಲಿಲ್ಲ.

ದೇವದುರ್ಗದಲ್ಲಿ ವಲಿ ಪಾಷಾ ಎಂಬ ಎಲುಬು ಕೂಡಿಸುವವನಿದ್ದಾನೆ, ಮನುಷ್ಯರಿಗಾದರೂ ಸರಿ ದನಕ್ಕಾದರೂ ಸರಿ ಎಂದು ಯಾರೋ ಹೇಳಿದರು. ತಾಯಣ್ಣ ರಜೆ ಹಾಕಿ, ಕಂಡಕ್ಟರನ ಕೈಲಿ ಬೈಸಿಕೊಂಡು, ನಾಯಿಯನ್ನು ಬಸ್ಸಿನ ಹಿಂದಿನ ಸೀಟಿನ ಕೆಳಗೆ ಮಲಗಿಸಿಕೊಂಡು ಹೋದ. ವಲಿ ಪಾಷಾ ಕಣ್ಣು ಮುಚ್ಚಿ ಕಾಲನ್ನು ಮೇಲಿಂದ ಕೆಳಗೆ ಸವರಿದ.

"ಅರೆ ಭಾಯ್, ಎಲುಬು ಎಲ್ಲಾ ಸೀದಾ ಅದ. ಮುರಿದಿಲ್ಲ, ಬಿರುಕಿಲ್ಲ. ಮೇಲೆ ಎಲ್ಲೋ ಸಡಲ್ ಆಗ್ಯದ. ಪಟ್ಟಿ ಕಟ್ಟತೀನಿ, ಖುದಾ ನೋಡ್ಕೋತಾನ."

ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ತೊಡೆಗೆ ದಪ್ಪಗೆ ಪಟ್ಟಿ ಕಟ್ಟಿ ಕಳಿಸಿದ. ಮಾನ್ವಿ ಬರುವುದರೊಳಗೆ ಮೇಜರ್ ಆ ಔಷಧವನ್ನೆಲ್ಲ ನೆಕ್ಕಿ ತಿಂದು ಬಟ್ಟೆಯೊಂದನ್ನು ಉಳಿಸಿತ್ತು. ವೆಂಕಮ್ಮ ಬಿದ್ದು ಬಿದ್ದು ನಕ್ಕಳು. ತಾಯಣ್ಣನೂ ನಕ್ಕ. ನಾಯಿ ಇಬ್ಬರನ್ನೂ ನೋಡಿ ಬಾಲ ಅಲ್ಲಾಡಿಸಿತು. ಬಾಲ ಅಲ್ಲಾಡಿಸುವ ನಾಯಿಗೆ ನೋವಿರುತ್ತದೆಯೇ? ನೋವಿದ್ದರೆ ಕುಂಯ್ ಅನ್ನಬೇಡವೇ? ಅದು ಒಂದು ದಿನವೂ ಅಂದಿರಲಿಲ್ಲ. ಬಹುಶಃ ನನಗೇ ಹುಚ್ಚು, ನಾಯಿಗೆ ಏನೂ ಆಗಿಲ್ಲ ಎಂದು ಅವನಿಗೆ ಅನ್ನಿಸತೊಡಗಿತು.

ಶ್ರಾವಣದಲ್ಲಿ ಆಫೀಸಿನ ಕೆಲಸಕ್ಕೆ ಜೀಪು ರಾಯಚೂರಿಗೆ ಹೊರಟಾಗ ಡ್ರೈವರನ ಕಾಲಿಗೆ ಬಿದ್ದು ನಾಯಿಯನ್ನೂ ಹತ್ತಿಸಿದ. ಅಲ್ಲಿ ಮೌಲಾಹುಸೇನ ಎಂಬ ಪಶುವೈದ್ಯರಿದ್ದರು, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ ಬಂದವರು. ಅವರು ನಾಯಿಯನ್ನು ಮುಟ್ಟುವ ಮೊದಲು ಅಂಗಳದಲ್ಲಿ ನಡೆಸಿದರು, ಓಡಿಸಿದರು, ಕೂಡಿಸಿ ಎಬ್ಬಿಸಿದರು. ಎರಡು ಕಾಲು ಜೋಡಿಸಿ ಜಿಗಿಯುವುದನ್ನು ನೋಡಿ ಕೇಳಿದರು.

"ಹಿಂಗ ಯಾವಾಗಿಂದ ಓಡತದರೀ?"

"ಸಣ್ಣಾಂದಿನಿಂದ್ರಿ ಸಾಹೇಬ್ರ," ಎಂದ ತಾಯಣ್ಣ, ಮುಖ ಅರಳಿಸಿ. "ಮೊಲದ ಓಟ್ರಿ ಅದು. ನಮ್ಮ ಕಡೆ ಅದಕ್ಕ ಭಾಳ ಬೆಲಿ."

ಡಾಕ್ಟರು ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯನ್ನು ಸೊಂಟದ ಮೇಲಿಟ್ಟು, ಇನ್ನೊಂದರಿಂದ ತೊಡೆಯನ್ನು ಮೆಲ್ಲಗೆ ಎತ್ತಿ ಹಿಂದಕ್ಕೆ ಚಾಚಿದರು. ಆಮೇಲೆ ತಾಯಣ್ಣನ ಕೈ ಹಿಡಿದು ಸೊಂಟದ ಮೇಲಿಟ್ಟರು. ಒಳಗೆ ಏನೋ ಜಾರಿ ಕಟಕ್ ಎಂದು ಕೂತಿತು. ತಾಯಣ್ಣ ಕೈ ಹಿಂದಕ್ಕೆ ತೆಗೆದ.

"ಒರಳು, ಗುಂಡು ನೋಡೀರಲ್ಲ? ಒರಳು ಆಳ ಇದ್ರ ಗುಂಡು ಒಳಗ ಕುಂತು ತಿರಗತದ. ತೊಡಿ ಎಲುಬಿನ ತುದಿ ಗುಂಡು, ಸೊಂಟದ ಎಲುಬು ಒರಳು. ನಿಮ್ಮ ನಾಯಿಗೆ ಒರಳು ತಾಟಿನಂಗ ಮಟ್ಟಸ ಅದ. ಗುಂಡು ನಿಲ್ಲಂಗಿಲ್ಲ, ಜಾರತದ, ತಿಕ್ಕತದ. ಎರಡೂ ಕಡೆ ಹಂಗೇ ಅದ. ಒಂದು ಕಾಲಿನ ಮ್ಯಾಲೆ ಭಾರ ಹಾಕಾಕ ಆಗಂಗಿಲ್ಲ ಅಂತ ಎರಡೂ ಕೂಡಿಸಿ ಜಿಗೀತದ. ಇದು ಓಟ ಅಲ್ರಿ, ನೋವು ತಪ್ಪಿಸಿಕೊಳ್ಳೋ ಉಪಾಯ."

"ಆದ್ರ ಅದು ಒಂದಿನಾನೂ ಅತ್ತಿಲ್ರಿ."

"ಕಿವಿ ನೋಡ್ರಿ, ಹಿಂದಕ್ಕ ಹೋದವು. ತುಟಿ ನೆಕ್ಕೊಳ್ಳಾಕತ್ತದ. ಇದೇ ಅದರ ಅಳು."

ತಮ್ಮ ಗೆಳೆಯನ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಸಿ ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ತಾಯಣ್ಣನಿಗೆ ಹೊಗೆ ಕಂಡಿತು. ತಲೆ ಮಾತ್ರ ಅಲ್ಲಾಡಿಸಿದ. ಈ ಕೀಲು ಪೂರ್ತಿ ಸರಿಯಾಗುವುದಲ್ಲ, ಆದರೆ ನೋಡಿಕೊಂಡರೆ ನಾಯಿ ಸುಖವಾಗಿ ಬಾಳುತ್ತದೆ ಎಂದರು ಡಾಕ್ಟರು. ಮೈಭಾರ ಇಳಿಸಬೇಕು, ತುಪ್ಪ ಬಂದ್. ಮೆತ್ತನೆಯ ಹಾಸಿಗೆ ಬೇಕು, ತಣ್ಣನೆಯ ಬಂಡೆ ಬೇಡ. ಹಗ್ಗ ಹಿಡಿದು ನಿಧಾನ ನಡೆಸಬೇಕು, ಓಟ, ಜಿಗಿತ, ಬೇಟೆ ಯಾವುದೂ ಬೇಡ. ನೋವು ಹೆಚ್ಚಾದ ದಿನ ಮಾತ್ರ ಊಟದ ಮೇಲೆ ಗುಳಿಗೆ. ಆಪರೇಷನ್ ಎಂಬುದೂ ಇದೆ, ದೊಡ್ಡ ಊರಿನಲ್ಲಿ ಮಾಡುತ್ತಾರೆ, ಈಗಲೇ ಅದರ ಯೋಚನೆ ಬೇಡ.

"ಎಲ್ಲಾಕಿಂತ ಚಲೋದು ಈಜು. ನೀರಿನಾಗ ಮೈಭಾರ ಇರಂಗಿಲ್ಲ, ತೊಡಿಗೆ ಮಾತ್ರ ಕೆಲಸ ಸಿಗತದ. ಕಾಲುವಿ ಆಫೀಸಿನಾಗ ಅದೀರಿ, ನಿಮಗೇನು ನೀರಿಗೆ ತೊಂದರಿ?"

ತಾಯಣ್ಣ ಹಲ್ಲು ಕಿರಿದ. ಕಾಲುವೆಯ ನೀರಿನ ಲೆಕ್ಕವನ್ನೆಲ್ಲ ಬರೆಯುವ ಅವನಿಗೆ ಮೊಣಕಾಲುದ್ದ ನೀರಿಗೆ ಇಳಿಯಲೂ ಧೈರ್ಯವಿರಲಿಲ್ಲ.

"ಇನ್ನೊಂದು ಮಾತು," ಎಂದರು ಡಾಕ್ಟರು. "ಇದರಿಂದ ಮರಿ ಮಾಡಿಸಬ್ಯಾಡ್ರಿ. ಈ ದೋಷ ವಂಶದಾಗ ಹರೀತದ."

ವಾಪಸು ಬರುವಾಗ ದಾರಿಯುದ್ದಕ್ಕೂ ತಾಯಣ್ಣನ ತಲೆಯಲ್ಲಿ ಗಿರಣಿ ತಿರುಗುತ್ತಿತ್ತು. ಅಣ್ಣ ಯಾವುದನ್ನು ಗುಣ ಅಂದನೋ ಡಾಕ್ಟರು ಅದನ್ನೇ ರೋಗ ಅನ್ನುತ್ತಾರೆ. ಅಣ್ಣನ ಮಾತು ತಪ್ಪಾದರೆ ಉಗಾದಿಯ ಸಂಜೆಯೂ ತಪ್ಪೇ? ಆ ಊಟ, ಆ ನೆಲ, ಆ "ಲೇ" ಎಲ್ಲವೂ ಒಂದು ಮೂಕಪ್ರಾಣಿಯ ನೋವಿನ ಮೇಲೆ ನಿಂತಿದ್ದವೇ? ಹಾಗೆ ಯೋಚಿಸಲು ಅವನಿಗೆ ಮನಸ್ಸಾಗಲಿಲ್ಲ. ಡಾಕ್ಟರೇ ತಪ್ಪಿರಬಹುದು ಎಂದುಕೊಂಡ. ಮರುಕ್ಷಣ ಆ ಕಟಕ್ ಅನ್ನುವುದು ಅಂಗೈಯಲ್ಲಿ ಮತ್ತೆ ಆದಂತಾಯಿತು.

ವೆಂಕಮ್ಮ ತುಪ್ಪ ನಿಲ್ಲಿಸಿದಳು. ಡಾಕ್ಟರನಿಗೆ ಬಾಯ್ತುಂಬ ಬೈದೇ ನಿಲ್ಲಿಸಿದಳು. "ಉಪವಾಸ ಕೆಡವಿ ಗುಣ ಮಾಡೋ ವೈದ್ಯ ಯಾವ ಊರಾಗರ ಅದಾನೇನ್ರಿ?" ಎನ್ನುತ್ತಲೇ ಗೋಣಿಚೀಲದಲ್ಲಿ ಹುಲ್ಲು ತುಂಬಿ ನಾಯಿಗೆ ಹಾಸಿಗೆಯನ್ನೂ ಹೊಲಿದಳು. ಬೈಗುಳ ಮತ್ತು ಹಾಸಿಗೆ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಹೆಂಗಸು ಅವಳು. ತಾಯಣ್ಣ ಮಾತ್ರ ಊರಿಗೆ ಸುದ್ದಿ ಮುಟ್ಟಿಸಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ಮುಂದೂಡಿದ.

ದಸರೆ ಕಳೆದ ಒಂದು ರವಿವಾರ ಅಯ್ಯಣ್ಣ ತಾನೇ ಬಂದ. ಜೊತೆಗೆ ಚಂದ್ರಿ. ಅದರ ಕೊರಳಿಗೆ ಹೊಸ ದಾರ, ದಾರಕ್ಕೊಂದು ಗೆಜ್ಜೆ, ಹಣೆಗೆ ಅರಿಶಿನ. ಅಯ್ಯಣ್ಣನ ಟವೆಲಿನ ಗಂಟಿನಲ್ಲಿ ಕೊಬ್ಬರಿ, ಬೆಲ್ಲ. ಒಳ್ಳೆಯ ಬೇಟೆನಾಯಿಯ ಹತ್ತಿರ ತಮ್ಮ ಹೆಣ್ಣುನಾಯಿಯನ್ನು ಕರೆತರುವಾಗ ಕೇರಿಯವರು ಹೀಗೆಯೇ ಬರುತ್ತಿದ್ದರು. ಬೀಗರ ಮನೆಗೆ ಬಂದಂತೆ ಬಂದು, ಕೊಬ್ಬರಿ ಬೆಲ್ಲ ಕೈಗಿಟ್ಟು, ಹುಟ್ಟುವ ಮರಿಗಳಲ್ಲಿ ಮೊದಲನೆಯದನ್ನು ಆ ಮನೆಗೇ ಬಿಟ್ಟುಕೊಡುತ್ತಿದ್ದರು. ಕೊಬ್ಬರಿ ಬೆಲ್ಲ ಬೇಡ ಎಂದವರು ಇರಲಿಲ್ಲ. ಬೇಡ ಎಂದರೆ ಆ ಮನೆಯನ್ನೇ ಬೇಡ ಎಂದಂತೆ.

"ಚಂದ್ರಿ ಬೆದಿಗಿ ಬಂದದಲೇ ತಾಯ್ಯಾ," ಎಂದ ಅಯ್ಯಣ್ಣ ಹಿಗ್ಗಿನಿಂದ. "ಇದರ ಮೂಗು, ನಮ್ಮ ಮೇಜರಪ್ಪನ ಓಟ, ಎರಡೂ ಕೂಡಿದ್ರ ಸುತ್ತ ಹಳ್ಳಿಯಾಗ ಅಂಥಾ ಮರಿ ಇರಂಗಿಲ್ಲ. ಕೇರಿ ಮಂದಿ ಈಗಲೇ ಮರಿ ಕೇಳಾಕತ್ಯಾರ. ಹಿಡಿ ಇದನ್ನ."

ತಾಯಣ್ಣ ಕೈ ಚಾಚಲಿಲ್ಲ. "ಯಣ್ಣಾ, ಅದು ಆಗಂಗಿಲ್ಲ," ಎಂದ.

"ಯಾಕ?"

ತಾಯಣ್ಣನ ತಲೆಯಲ್ಲಿ ಒರಳು, ಗುಂಡು, ತಾಟು ಎಲ್ಲ ಕಲಸಿಹೋದವು. "ಅದಕ್ಕ ಸೊಂಟದಾಗ ಕಸರು ಅದ. ರಾಯಚೂರು ಡಾಕ್ಟರು ಹೇಳ್ಯಾರ, ಮರಿ ಮಾಡಿಸಬ್ಯಾಡ ಅಂತ. ನೋಡು ಇಲ್ಲಿ," ಎಂದು ಎಕ್ಸ್‌ರೇ ತಂದು ಬೆಳಕಿಗೆ ಹಿಡಿದ. ಅಯ್ಯಣ್ಣ ಅದನ್ನು ನೋಡಿದ, ತಮ್ಮನ ಮುಖ ನೋಡಿದ.

"ಈ ಹೊಗಿ ನೋಡಿ ನಾ ಏನು ತಿಳಕೊಳ್ಳಲಿ? ಮೊಲದ ಓಟಕ್ಕ ಕಸರು ಅಂತಾರೇನು ನಿಮ್ಮ ಡಾಕ್ಟರು?"

"ಅದು ಓಟ ಅಲ್ಲಂತ ಯಣ್ಣಾ..."

ಅಯ್ಯಣ್ಣ ಗಂಟನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ದನಿ ಇಳಿದಿತ್ತು. "ತಿಳೀತ್ರಿ. ನಮ್ಮದು ಕೇರಿ ನಾಯಿ, ನಿಮ್ಮದು ಸಾಹೇಬರ ನಾಯಿ. ಕೂಡಿಸಬಾರದು. ಹೊರಗ ನಿಂದರ್ರಿ ಅನ್ನೋ ಮಾತು ನಮಗೇನು ಹೊಸಾದಲ್ಲ. ತಮ್ಮನ ಬಾಯಾಗ ಕೇಳಿದ್ದು ಇವತ್ತೇ."

ವೆಂಕಮ್ಮ ಒಳಗಿಂದ "ಭಾವಾರ, ಚಾ ಆಗ್ಯದ, ಕುಡುದು ಹೋಗ್ರಿ" ಎಂದು ಓಡಿ ಬರುವಷ್ಟರಲ್ಲಿ ಚಂದ್ರಿಯ ಗೆಜ್ಜೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿತ್ತು. ತಾಯಣ್ಣ ಎಕ್ಸ್‌ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಒಬ್ಬ ಮನುಷ್ಯ ಒಂದು ನಾಯಿಯ ಸೊಂಟದ ಬಗ್ಗೆ ಮಾತಾಡಿದರೆ ಇನ್ನೊಬ್ಬ ಮನುಷ್ಯನಿಗೆ ಇಷ್ಟು ಹಳೆಯ ಗಾಯ ಹೇಗೆ ಬಿಚ್ಚಿಕೊಂಡಿತು? ತಾನು ಹೇಳಿದ್ದು ಯಾವುದು, ಅಣ್ಣ ಕೇಳಿಸಿಕೊಂಡಿದ್ದು ಯಾವುದು? ಅವನಿಗೆ ಏನೂ ತಿಳಿಯಲಿಲ್ಲ. ಅಳು ಮಾತ್ರ ಬಂತು, ಅತ್ತ.

ಒಂದು ವಾರ ಒದ್ದಾಡಿದ. ಹೂಂ ಅಂದುಬಿಟ್ಟರಾಯಿತು, ನಾಯಿಮರಿಯ ಸೊಂಟಕ್ಕಿಂತ ಅಣ್ಣ ದೊಡ್ಡವನು ಎಂದುಕೊಂಡ. ಹಾಗೆಂದುಕೊಂಡು ಮೇಜರನನ್ನು ನೋಡಿದರೆ ಅದು ಮುಂಗಾಲು ಊರಿ ಏಳುತ್ತಿತ್ತು. ಕೇರಿಯ ಪ್ರತಿ ಅಂಗಳದಲ್ಲೂ ಹಾಗೆ ಏಳುವ ಒಂದೊಂದು ಮರಿ, ಅದನ್ನು ನೋಡಿ ಚಪ್ಪಾಳೆ ತಟ್ಟುವ ಮಂದಿ ಕಣ್ಣ ಮುಂದೆ ಬಂದರು. ಮುಂದಿನ ರವಿವಾರ ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಂಡು ಬಾಗಲವಾಡಕ್ಕೆ ಹೋದ.

ಅತ್ತಿಗೆ ಕಂಬಳಿ ಹಾಸಿದಳು. ತಾಯಣ್ಣ ನಿಂತೇ ಇದ್ದ. ಅಯ್ಯಣ್ಣ ಅಂಗಳದ ಆ ತುದಿಯ ಕಲ್ಲಿನ ಮೇಲೆ ಕುಳಿತಿದ್ದವನು ತಮ್ಮನನ್ನು ಮಾತಾಡಿಸಲಿಲ್ಲ, ನಾಯಿಯ ಕಡೆ ನೋಡಿ ಶಿಳ್ಳೆ ಹಾಕಿದ. ಮೇಜರ್ ಕಿವಿ ನೆಟ್ಟಗೆ ಮಾಡಿ, ತಾಯಣ್ಣನ ಕೈಯಿಂದ ಹಗ್ಗ ಕಿತ್ತುಕೊಂಡು, ಎರಡು ಕಾಲು ಜೋಡಿಸಿ ಜಿಗಿಯುತ್ತ ಅವನ ಹತ್ತಿರ ಹೋಯಿತು.

"ನೋಡ್ರಿ ನಿಮ್ಮ ರೋಗದ ನಾಯಿ," ಎಂದ ಅಯ್ಯಣ್ಣ. "ಹೆಂಗ ಬಂತು."

ತಾಯಣ್ಣ ಹೋಗಿ ಮಣ್ಣಿನಲ್ಲಿ ಕುಳಿತು ನಾಯಿಯನ್ನು ಮಗ್ಗುಲಾಗಿ ಮಲಗಿಸಿದ. ಅಣ್ಣನ ಕೈ ಹಿಡಿದು ಎಳೆದು ಅದರ ಸೊಂಟದ ಮೇಲಿಟ್ಟು, ಡಾಕ್ಟರು ಮಾಡಿದಂತೆಯೇ ತೊಡೆಯನ್ನು ಎತ್ತಿ ಹಿಂದಕ್ಕೆ ಚಾಚಿದ.

ಕಟಕ್.

ಅಯ್ಯಣ್ಣ ಕೈ ತೆಗೆಯಲಿಲ್ಲ. ಎಷ್ಟೋ ನಾಯಿಗಳ ಮೈ ಸವರಿ ಬಲ್ಲ ಬೆರಳುಗಳು ಅಲ್ಲೇ ನಿಂತವು. "ಇನ್ನೊಮ್ಮೆ ಮಾಡು," ಎಂದ. ತಾಯಣ್ಣ ಮಾಡಿದ. ಮೇಜರನ ಕಿವಿಗಳು ಹಿಂದಕ್ಕೆ ಹೋದವು. ತುಟಿ ನೆಕ್ಕಿಕೊಂಡಿತು, ಆಮೇಲೆ ತಲೆ ತಿರುಗಿಸಿ ಅಯ್ಯಣ್ಣನ ಕೈಯನ್ನು ನೆಕ್ಕಿತು.

"ಆತು, ಬಿಡು ಬಿಡು," ಎಂದ ಅಯ್ಯಣ್ಣ. "ಇದು ನೋಯ್ತದೇನು?"

"ಹೌದಂತ."

"ಈಗ ಓಡಿ ಬಂತಲ್ಲ, ಆಗೂ?"

"ಹೌದಂತ ಯಣ್ಣಾ."

"ಉಗಾದಿ ಬೇಟಿಯಾಗ?"

ಅಯ್ಯಣ್ಣ ನಾಯಿಯ ಮುಖವನ್ನೇ ನೋಡುತ್ತಿದ್ದ. "ನೋಯ್ತಿದ್ರ ಯಾಕ ಬಂತು? ನಾ ದಿನಾಪೂರ್ತಿ ಕರದೆ. ಕಲ್ಲಾಗ, ಮುಳ್ಳಾಗ ಕರದೆ. ಕರದಾಗೊಮ್ಮೆ ಬಂತು." ಯಾರನ್ನು ಕೇಳುತ್ತಿದ್ದಾನೆ ಎಂಬುದು ಅವನಿಗೇ ಗೊತ್ತಿದ್ದಂತಿರಲಿಲ್ಲ. ರಾಯಚೂರಿನ ಡಾಕ್ಟರೂ ಅದನ್ನು ಹೇಳಿರಲಿಲ್ಲ.

ನಾಯಿಯ ತಲೆ ಸವರುತ್ತ ಅಯ್ಯಣ್ಣ ಕೇಳಿದ. "ಇದಕ್ಕ ಔಷಧ ಏನರ ಅದನೋ ಇಲ್ಲೋ?"

"ಈಜಿಸಬೇಕಂತ. ನಾ ಇನ್ನೂ ಈಜಿಸಿಲ್ಲ."

"ಯಾಕ? ಮಾನ್ವಿಯಾಗ ಕಾಲುವಿ ಇಲ್ಲೇನು?"

"ನನಗ ಈಜು ಬರಂಗಿಲ್ಲಲ್ಲ."

ಅಯ್ಯಣ್ಣ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟ. "ಥೂ ನಿನ್ನ! ಕಾಲುವಿ ಆಫೀಸಿನ್ಯಾಂವ!" ಎಂದು ಎದ್ದು ಟವೆಲು ತಲೆಗೆ ಸುತ್ತಿದ. ಊರ ಬಾವಿಯ ಮೆಟ್ಟಿಲು ಇಳಿಯಲು ಕೇರಿಯವರನ್ನು ಬಿಡದ ಕಾಲದಲ್ಲಿ ಹೊಸದಾಗಿ ಬಂದ ಕಾಲುವೆಯಲ್ಲಿ ಬಿದ್ದು ಎದ್ದು ಈಜು ಕಲಿತವನು ಅವನು. ಊರ ಮುಂದಿನ ಕಾಲುವೆಯಲ್ಲಿ ಆಗ ನೀರು ತುಂಬಿ, ಮಂದವಾಗಿ ಹರಿಯುತ್ತಿತ್ತು. ಅಯ್ಯಣ್ಣ ನಾಯಿಯನ್ನು ತೋಳಿನ ಮೇಲೆ ಎತ್ತಿಕೊಂಡು, ಜಾರದಂತೆ ಮೆಟ್ಟಿಲಿಳಿದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೀರಿನಲ್ಲಿ ತೇಲಿಸಿದ. ಮೊದಲು ಅದು ಗಾಬರಿಯಾಗಿ ಅವನ ಎದೆ ಪರಚಿತು. ಅವನು ಬೈದ, ಮುದ್ದು ಮಾಡಿದ, ಬಿಡಲಿಲ್ಲ. ಆಮೇಲೆ ನಾಯಿ ಕಾಲಾಡಿಸತೊಡಗಿತು. ನೀರಿನೊಳಗೆ ಹಿಂಗಾಲುಗಳು ಜೋಡಿಯಾಗಿರಲಿಲ್ಲ. ಎಡಗಾಲು, ಬಲಗಾಲು, ಒಂದಾದ ಮೇಲೆ ಒಂದರಂತೆ ಆಡುತ್ತಿದ್ದವು. ನಾಯಿ ಮನೆಗೆ ಬಂದಾಗಿನಿಂದ ಅದರ ಕಾಲು ಹಾಗೆ ಆಡಿದ್ದನ್ನು ತಾಯಣ್ಣ ನೋಡಿರಲಿಲ್ಲ. ದಂಡೆಯ ಮೇಲೆ ನಿಂತವನಿಗೆ ಸಂತೋಷವೋ ಸಂಕಟವೋ ಒಂದೂ ಗೊತ್ತಾಗಲಿಲ್ಲ.

ಸಾಕೆನಿಸಿದಾಗ ಅಯ್ಯಣ್ಣ ನಾಯಿಯನ್ನು ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಿಸಿದ. ಅದು ತೊಯ್ದ ಮೈ ಹೊತ್ತು ತಾಯಣ್ಣನ ಕಡೆ ನೋಡಿತು. ತಾಯಣ್ಣ ಅಭ್ಯಾಸಬಲದಿಂದ ಕೈ ಚಾಚಿ, "ಮೇ..." ಎಂದು ಬಾಯಿ ತೆರೆದ.

"ಕರೀಬ್ಯಾಡಲೇ!" ಎಂದು ನೀರಿನೊಳಗಿಂದಲೇ ಕೂಗಿದ ಅಯ್ಯಣ್ಣ. "ಕರೀಬ್ಯಾಡ. ಕರದರ ನೋವಾದ್ರೂ ಬರ್ತದ ಅದು. ಸುಮ್ಮ ಕುಂದ್ರು. ಬರೋ ಹಂಗಿದ್ರ ತಾನ ಬರ್ತದ."

ತಾಯಣ್ಣ ಬಾಯಿ ಮುಚ್ಚಿಕೊಂಡು ದಂಡೆಯ ಹಸಿಮಣ್ಣಿನ ಮೇಲೆ ಕುಳಿತ. ನಾಯಿ ಅವನನ್ನು ನೋಡುತ್ತ ನಿಂತಿತ್ತು, ಯಾಕೆ ಕರೆಯಲಿಲ್ಲ ಎಂದು ಅದಕ್ಕೆ ತಿಳಿದಂತಿರಲಿಲ್ಲ. ಆಮೇಲೆ ಒಂದು ಮೆಟ್ಟಿಲು ಹತ್ತಿತು, ನಿಂತಿತು. ಅಣ್ಣ ತಮ್ಮ ಇಬ್ಬರೂ ಉಸಿರು ಹಿಡಿದು ಕಾಯ್ದರು, ಕರೆಯಲಿಲ್ಲ.